ಡ್ಯಾಕ್‌ಗೆ 12 ವೋಲ್ಟಿನ ಲೀನಿಯರ್ ಪವರ್ ಸಪ್ಲೈ: ಸಂಜೆ ಏಳರ ವೋಲ್ಟೇಜಿಗೆ ಹೊಂದಿಸಿದ್ದು

ಜಾಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಳಭಾಗ. ಟ್ರಾನ್ಸ್‌ಫಾರ್ಮರಿನಿಂದ ಹೊರಟ ಲೈನು ಮುಗಿಯುವಲ್ಲಿ ಮನೆ. ಬೆಳಗ್ಗೆ ಹನ್ನೊಂದಕ್ಕೆ ಪ್ಲಗ್ಗಿನಲ್ಲಿ 228 ವೋಲ್ಟ್ ಇರುತ್ತದೆ. ಸಂಜೆ ಏಳಕ್ಕೆ ಮನೆಮನೆಯ ದೀಪ, ಫ್ಯಾನಿನ ಜೊತೆ ಅಡಿಕೆ ತೋಟಗಳ ಪಂಪೂ ಸೇರಿಕೊಂಡರೆ 192. ರಾತ್ರಿ ಎರಡಕ್ಕೆ ನೋಡಿದರೆ 246. ಈ ಮೂರು ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಕೆಳಗಿನ ಕೆಲಸ ಎರಡು ಭಾನುವಾರಗಳಲ್ಲಿ ಮುಗಿಯುತ್ತಿತ್ತು. ಬರೆದುಕೊಳ್ಳಲಿಲ್ಲ, ಹಾಗಾಗಿ ಜನವರಿಯಿಂದ ಫೆಬ್ರವರಿ ಕೊನೆಯ ತನಕ ಎಳೆಯಿತು. ಮಳೆಗಾಲದಲ್ಲಿ ಇನ್ನೊಮ್ಮೆ ಪೆಟ್ಟಿಗೆ ಬಿಚ್ಚಬೇಕಾಯಿತು.

ಉಪಕರಣ: ಹೆಡ್‌ಫೋನ್ ಆಂಪ್ ಸೇರಿಕೊಂಡಿರುವ ಒಂದು ಮೇಜಿನ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಕೇಳುವ ಸಿಗ್ನಲ್ ಆಗಿಸುವ ಪೆಟ್ಟಿಗೆ). 12 ವೋಲ್ಟ್ ಡಿಸಿ, 5.5 × 2.1 ಮಿ.ಮೀ. ಪಿನ್ನು, ಒಳಗಿನ ತುದಿ ಪ್ಲಸ್. ಜೊತೆಗೆ ಬಂದದ್ದು ಗೋಡೆಗೆ ಚುಚ್ಚುವ ಎರಡು ಪಿನ್ನಿನ ಎಸ್‌ಎಂಪಿಎಸ್ (ಕರೆಂಟನ್ನು ಅತಿ ವೇಗದಲ್ಲಿ ಕಡಿದು ಕಡಿದು ವೋಲ್ಟೇಜ್ ಇಳಿಸುವ) ಅಡಾಪ್ಟರ್.

ತೊಂದರೆ ಎರಡು. ಹಾಡು ನಿಲ್ಲಿಸಿ ವಾಲ್ಯೂಮನ್ನು ಮುಕ್ಕಾಲು ತಿರುಗಿಸಿದರೆ ಹೆಡ್‌ಫೋನಿನಲ್ಲಿ ಸಣ್ಣಗೆ "ಕೀಂ" ಎಂಬ ಸದ್ದು. ಬರಿಗಾಲಲ್ಲಿ ನಿಂತು ಡ್ಯಾಕಿನ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಸವರಿದರೆ ಜುಮು ಜುಮು.

ಜನವರಿ 11: ಖರ್ಚಿಗೆ ಮುಂಚೆ ಬ್ಯಾಟರಿ

ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಎಎಚ್ ಸೀಲ್ಡ್ ಬ್ಯಾಟರಿಗೆ 1 ಆಂಪಿಯರ್ ಫ್ಯೂಸ್ ಹಾಕಿ ಡ್ಯಾಕಿಗೆ ಕೊಟ್ಟು ನೋಡಿದೆ. ಪೂರ್ತಿ ಚಾರ್ಜಾದಾಗ ಅದರಲ್ಲಿ 12.7 ವೋಲ್ಟ್ ಇರುತ್ತದೆ, 12ರ ಉಪಕರಣಕ್ಕೆ ಅಷ್ಟರಿಂದ ಅಪಾಯವಿಲ್ಲ. ಚಾರ್ಜರ್ ಕಿತ್ತಿಟ್ಟೇ ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

"ಕೀಂ" ಪೂರ್ತಿ ಹೋಯಿತು, ಜುಮು ಜುಮೂ ಹೋಯಿತು. ಅಂದರೆ ತಪ್ಪು ಅಡಾಪ್ಟರಿನದೇ. ಬ್ಯಾಟರಿಯಲ್ಲೂ ಸದ್ದು ಉಳಿದರೆ ಪವರ್ ಸಪ್ಲೈ ಕಟ್ಟಿ ಫಲವಿಲ್ಲ. ಆಗ ಅರ್ತ್ ಲೂಪ್ (ಎರಡು ಕಡೆ ಅರ್ತ್ ಸೇರಿ ಆಗುವ ಸುತ್ತು), ಯುಎಸ್‌ಬಿ ಕೇಬಲ್, ಕಂಪ್ಯೂಟರ್ ಕಡೆ ಹುಡುಕಬೇಕು. ಹತ್ತು ನಿಮಿಷದ ಈ ಪರೀಕ್ಷೆ ಬಿಟ್ಟು ಸಾವಿರಾರು ರೂಪಾಯಿಯ ರೆಡಿಮೇಡ್ ಲೀನಿಯರ್ (ಹಾಗೆ ಕಡಿಯದೆ ಟ್ರಾನ್ಸ್‌ಫಾರ್ಮರಿನಿಂದಲೇ ಇಳಿಸುವ) ಸಪ್ಲೈ ತರಿಸುವವರೇ ಹೆಚ್ಚು.

ಅದೇ ದಿನ ಇನ್ನೆರಡು ಅಳತೆ. ಅಡಾಪ್ಟರಿನಲ್ಲಿ ಓಡುವಾಗ ಡ್ಯಾಕಿನ ಮೈಗೂ ಪ್ಲಗ್ಗಿನ ಅರ್ತಿಗೂ ನಡುವೆ ಮಲ್ಟಿಮೀಟರಿನಲ್ಲಿ 92 ವೋಲ್ಟ್ ಎಸಿ. ಹೆದರಬೇಕಾಗಿಲ್ಲ. ನಡುವೆ 10 ಕಿಲೋಓಮ್ ಇಟ್ಟು ಅಳೆದರೆ ಅದು 0.7 ವೋಲ್ಟಿಗೆ ಬೀಳುತ್ತದೆ, ಅಂದರೆ ಹರಿಯುವುದು 70 ಮೈಕ್ರೋಆಂಪಿಯರ್ ಮಾತ್ರ. ಅಡಾಪ್ಟರಿನೊಳಗೆ ಮೇನ್ಸ್ (ಪ್ಲಗ್ಗಿನ ಕರೆಂಟಿನ) ಬದಿಗೂ ಡಿಸಿ ಬದಿಗೂ ನಡುವೆ ಹಾಕಿರುವ ವೈ ಕೆಪಾಸಿಟರಿನಿಂದ ಬರುವ ಸೋರಿಕೆ ಇದು. ಆದರೆ ಈ ಎಪ್ಪತ್ತು ಮೈಕ್ರೋಆಂಪಿಯರ್ ಡ್ಯಾಕಿನಿಂದ ಆಂಪ್ಲಿಫಯರಿಗೆ ಹೋಗುವ ಆರ್‌ಸಿಎ ಕೇಬಲಿನ ಹೊರಕವಚದ ಮೂಲಕವೇ ಅರ್ತಿಗೆ ದಾರಿ ಹುಡುಕುತ್ತದೆ, ತೊಂದರೆ ಅಲ್ಲಿ.

ಎರಡನೆಯದು ಡ್ಯಾಕ್ ಎಳೆಯುವ ಕರೆಂಟು. ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೀರೀಸ್ ಇಟ್ಟಾಗ ಸುಮ್ಮನಿರುವಾಗ 0.48, ಹೆಡ್‌ಫೋನ್ ಜೋರಾಗಿ ಓಡುವಾಗ 0.64 ಆಂಪಿಯರ್. ಅಡಾಪ್ಟರಿನ ಮೇಲೆ 2 ಆಂಪಿಯರ್ ಎಂದು ಬರೆದಿದೆ. ಆ ಬರಹ ನೋಡಿ ಕಟ್ಟಿದರೆ ಟ್ರಾನ್ಸ್‌ಫಾರ್ಮರೂ ಹೀಟ್ ಸಿಂಕೂ ಸುಮ್ಮನೆ ಮೂರು ಪಟ್ಟು ದೊಡ್ಡದಾಗುತ್ತವೆ.

ಜನವರಿ 18: ಮೊದಲ ಕಟ್ಟೋಣ, ಮೊದಲ ಸಾವು

ಕಾಸರಗೋಡು ಪೇಟೆಯಲ್ಲಿ ಸಿಕ್ಕಿದ್ದು: 12 ವೋಲ್ಟ್ 2 ಆಂಪಿಯರ್ ಸಾದಾ ಇಐ ಟ್ರಾನ್ಸ್‌ಫಾರ್ಮರ್ (ಇ ಮತ್ತು ಐ ಅಕ್ಷರದಾಕಾರದ ತಗಡುಗಳದ್ದು, 240 ರೂಪಾಯಿ), ನಾಲ್ಕು 1ಎನ್5408 ಡಯೋಡ್, ಒಂದು 4,700 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರ್, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್ ಎಲ್‌ಎಂ317.

ವೋಲ್ಟೇಜ್ ಕೂರಿಸಲು ಔಟ್‌ಪುಟ್‌ನಿಂದ ಅಡ್ಜಸ್ಟ್ ಕಾಲಿಗೆ 120 ಓಮ್, ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 820 ಓಮ್ ಮತ್ತು 500 ಓಮಿನ ಮಲ್ಟಿಟರ್ನ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಎಲ್ಲ ಕಡೆ ಕಾಣುವ 240 ಓಮ್ ಬದಲು 120 ಏಕೆಂದರೆ, ಎಲ್‌ಎಂ317 ಸರಿಯಾಗಿ ಹಿಡಿದು ನಿಲ್ಲಲು 10 ಮಿಲಿಆಂಪಿಯರ್ ತನಕ ಕನಿಷ್ಠ ಲೋಡ್ ಕೇಳಬಹುದು. 120 ಓಮ್ ಹಾಕಿದರೆ ಅಷ್ಟು ಕರೆಂಟು ಅದರಲ್ಲೇ ಹರಿಯುತ್ತದೆ, ಡ್ಯಾಕ್ ಕಿತ್ತಿಟ್ಟಾಗಲೂ ವೋಲ್ಟೇಜ್ ಮೇಲೇರುವುದಿಲ್ಲ. ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಲೇಬೇಕು. ಡೇಟಾಶೀಟಿನ ಪ್ರಕಾರ ರಿಪ್ಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ತಡೆಯುವ ಶಕ್ತಿ ಸುಮಾರು 65 ಡೆಸಿಬೆಲ್‌ನಿಂದ 80ಕ್ಕೆ ಏರುವುದು ಈ ಒಂದೇ ಕೆಪಾಸಿಟರಿನಿಂದ. ಅದು ಬಂದ ಮೇಲೆ ಎರಡು ರಕ್ಷಣೆಯ ಡಯೋಡೂ ಬೇಕು. 1ಎನ್4007 ಸಾಕು: ಒಂದು ಔಟ್‌ಪುಟ್‌ನಿಂದ ಇನ್‌ಪುಟ್ಟಿಗೆ, ಇನ್ನೊಂದು ಅಡ್ಜಸ್ಟ್‌ನಿಂದ ಔಟ್‌ಪುಟ್ಟಿಗೆ, ಎರಡರಲ್ಲೂ ಗೆರೆ ಇರುವ ತುದಿ ಎರಡನೆಯ ಹೆಸರಿನ ಕಡೆಗೆ. ಔಟ್‌ಪುಟ್ಟಿನಲ್ಲಿ 47 ಮೈಕ್ರೋಫ್ಯಾರಡ್ ಸಾದಾ ಎಲೆಕ್ಟ್ರೊಲಿಟಿಕ್. ಇಲ್ಲಿ ಸಾವಿರಗಟ್ಟಲೆ ತುಂಬಿಸಿದರೆ ಲಾಭವಿಲ್ಲ.

ಕರೆಂಟು ಕೊಟ್ಟ ಕೂಡಲೇ ಎಲ್‌ಎಂ317 ಸುಟ್ಟಿತು. ಕೈ ರೂಢಿಯಲ್ಲಿ 7812ರ (12 ವೋಲ್ಟಿಗೇ ನಿಗದಿಯಾದ ಇನ್ನೊಂದು ರೆಗ್ಯುಲೇಟರ್) ಕಾಲುಗಳಂತೆ ಬೆಸೆದದ್ದೇ ಕಾರಣ. ಅಕ್ಷರ ಕಾಣುವ ಮುಖ ನಮ್ಮ ಕಡೆಗಿದ್ದರೆ 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಎಲ್‌ಎಂ317ರಲ್ಲಿ ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಬೆನ್ನಿನ ಲೋಹದ ತಟ್ಟೆ 7812ರಲ್ಲಿ ಗ್ರೌಂಡ್, ಇದರಲ್ಲಿ ಔಟ್‌ಪುಟ್. ಇದರ ಬಗ್ಗೆ ಮುಂದೆ ಇನ್ನೊಂದು ಕತೆಯಿದೆ. 25 ರೂಪಾಯಿಯ ನಷ್ಟ. ಡ್ಯಾಕ್ ಜೋಡಿಸಿರಲಿಲ್ಲ. ಮೊದಲ ಸಲ ಕರೆಂಟು ಕೊಡುವಾಗ ಲೋಡ್ ಆಗಿ ಇಟ್ಟಿದ್ದು ರಿಕ್ಷಾದ ಇಂಡಿಕೇಟರಿನ 12 ವೋಲ್ಟ್ 10 ವ್ಯಾಟ್ ಬಲ್ಬು. ಅದು 0.83 ಆಂಪಿಯರ್ ಎಳೆಯುತ್ತದೆ, ಎಲ್ಲ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ಸುಟ್ಟರೂ ಯಾರೂ ಅಳುವುದಿಲ್ಲ.

ಎರಡನೆಯ ಎಲ್‌ಎಂ317 ಹಾಕಿ, ಪ್ರೀಸೆಟ್ ತಿರುಗಿಸಿ 12.00 ವೋಲ್ಟಿಗೆ ನಿಲ್ಲಿಸಿ, ಡ್ಯಾಕಿಗೆ ಕೊಟ್ಟದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಮೌನ ಅಂದರೆ ಮೌನ. ಕೆಲಸ ಮುಗಿಯಿತೆಂದು ಬೆಸುಗೆ ಸಾಮಾನೂ ಒಳಗಿಟ್ಟಾಯಿತು.

ಜನವರಿ 18, ಸಂಜೆ 7.10

"ಗುಂಯ್." ಎರಡೂ ಕಿವಿಯಲ್ಲಿ, ಅಡಾಪ್ಟರಿನ "ಕೀಂ"ಗಿಂತ ಎಷ್ಟೋ ಜೋರು. ಏಳೂ ಐವತ್ತಕ್ಕೆ ತಾನಾಗಿ ನಿಂತಿತು. ಎಂಟೂ ಕಾಲಿಗೆ ಮತ್ತೆ ಶುರು.

ಪ್ಲಗ್ಗಿನಲ್ಲಿ 194 ವೋಲ್ಟ್. ನಿಂತಾಗ ನೋಡಿದರೆ 219. ಪಕ್ಕದ ತೋಟದ ಪಂಪು ನಿಂತದ್ದೂ ಶುರುವಾದದ್ದೂ ಸ್ಪ್ರಿಂಕ್ಲರಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಇಲ್ಲಿ ಲೆಕ್ಕ ಹಾಕಲೇಬೇಕಾಯಿತು, ಮೊದಲೇ ಹಾಕಬೇಕಾಗಿದ್ದ ಲೆಕ್ಕ. ಆ ಟ್ರಾನ್ಸ್‌ಫಾರ್ಮರ್ 230ರಲ್ಲಿ, ಡ್ಯಾಕಿನ ಲೋಡಿನಲ್ಲಿ 12.8 ವೋಲ್ಟ್ ಎಸಿ ಕೊಡುತ್ತದೆ. ಆ ಎಸಿ ಅಲೆಯ ಶಿಖರ 18.1. ಎರಡು ಡಯೋಡುಗಳು 1.8 ತಿನ್ನುತ್ತವೆ, ಉಳಿಯುವುದು 16.3. 4,700 ಮೈಕ್ರೋಫ್ಯಾರಡಿನಲ್ಲಿ 0.64 ಆಂಪಿಯರಿಗೆ ರಿಪ್ಪಲ್ ಸುಮಾರು 1.4 ವೋಲ್ಟ್, ಹಾಗಾಗಿ ತಗ್ಗಿನಲ್ಲಿ 14.9. ಎಲ್‌ಎಂ317ಗೆ ತಾನು ಕೊಡುವ 12ರ ಮೇಲೆ ಇನ್ನೂ ಸುಮಾರು 1.9 ಬೇಕು, ಅಂದರೆ 13.9. ಕೈಯಲ್ಲಿ ಉಳಿದದ್ದು ಒಂದೇ ವೋಲ್ಟ್. ಮೇನ್ಸ್ 217ಕ್ಕಿಂತ ಕೆಳಗಿಳಿದರೆ ಆ ಒಂದು ವೋಲ್ಟೂ ಖಾಲಿ. ಆಗ ಪ್ರತಿ ತಗ್ಗಿನಲ್ಲಿ ರೆಗ್ಯುಲೇಟರ್ ಕೈಬಿಡುತ್ತದೆ, ಸೆಕೆಂಡಿಗೆ ನೂರು ಸಲ. "ಗುಂಯ್" ಅಂದರೆ ಆ 100 ಹರ್ಟ್ಸ್.

ಪುಸ್ತಕದ ಲೆಕ್ಕಗಳೆಲ್ಲ 230ಕ್ಕೆ. ನಮ್ಮ ಕಡೆ ಬೇಸಿಗೆಯಲ್ಲಿ ಆ 230 ಇರುವುದು ಪುಸ್ತಕದಲ್ಲೇ. ಮುಂದಿನ ಒಂದು ವಾರ ಬೆಳಗ್ಗೆ, ಸಂಜೆ, ಮಲಗುವ ಮುಂಚೆ ಪ್ಲಗ್ಗಿನ ವೋಲ್ಟೇಜ್ ಬರೆದಿಟ್ಟೆ. ಅತಿ ಕಡಿಮೆ 187, ಅತಿ ಹೆಚ್ಚು 248. ಮಾರ್ಚಿನಲ್ಲಿ ಇದಕ್ಕಿಂತ ಕೆಳಗಿಳಿಯುವುದು ಖಂಡಿತ. ಹಾಗಾಗಿ ಗುರಿ 175.

ಫೆಬ್ರವರಿ 2: 15 ವೋಲ್ಟಿನ ಟೊರಾಯಿಡ್

ಬೆಂಗಳೂರಿನ ಎಸ್.ಪಿ. ರೋಡ್ ಕಡೆಯಿಂದ ಕೊರಿಯರಿನಲ್ಲಿ 15 ವೋಲ್ಟ್ 50 ವಿಎ ಟೊರಾಯಿಡ್ (ಉಂಗುರದಾಕಾರದ ಟ್ರಾನ್ಸ್‌ಫಾರ್ಮರ್). 780 ರೂಪಾಯಿ, ಕೊರಿಯರ್ 120. 0.64 ಆಂಪಿಯರಿಗೆ 50 ವಿಎ ಹೆಚ್ಚೇ. 30 ವಿಎ ಸಾಕಿತ್ತು, ಆ ದಿನ ಸ್ಟಾಕಿನಲ್ಲಿ ಇರಲಿಲ್ಲ.

ಇನ್ನೊಂದು 4,700 ಮೈಕ್ರೋಫ್ಯಾರಡ್ ಸೇರಿಸಿ ಒಟ್ಟು 9,400. ಡ್ಯಾಕಿನ ಲೋಡಿನಲ್ಲಿ ಸೆಕೆಂಡರಿ (ಹೊರಗೆ ಕೊಡುವ ಸುರುಳಿ) 16.3 ವೋಲ್ಟ್. ಇದೇ ಲೆಕ್ಕ ಮತ್ತೆ ಹಾಕಿದರೆ 165 ವೋಲ್ಟ್ ಮೇನ್ಸ್ ತನಕ ರೆಗ್ಯುಲೇಟರ್ ಬಿಡುವುದಿಲ್ಲ. ಅಂದು ಸಂಜೆ 190ರಲ್ಲಿ ಸದ್ದೇ ಇಲ್ಲ.

ಟೊರಾಯಿಡಿಗೊಂದು ಕೊರತೆಯಿದೆ. ಪ್ರೈಮರಿ (ಮೇನ್ಸ್ ಸೇರುವ ಸುರುಳಿ), ಸೆಕೆಂಡರಿ ಒಂದರ ಮೇಲೊಂದು ಸುತ್ತಿರುವುದರಿಂದ ಎರಡರ ನಡುವಿನ ಕೆಪಾಸಿಟನ್ಸ್ ಹೆಚ್ಚು. ಎರಡು ಕೋಣೆಯ ಬಾಬಿನ್ನಿನ ಇಐ ಈ ವಿಷಯದಲ್ಲಿ ಮೇಲು. ಡ್ಯಾಕಿನ ಮೈಯಿಂದ ಅರ್ತಿಗೆ ಅಳೆದಾಗ ಹಳೆಯ ಇಐಯಲ್ಲಿ 21 ವೋಲ್ಟ್ ಇದ್ದದ್ದು ಟೊರಾಯಿಡಿನಲ್ಲಿ 34. ಪ್ರೈಮರಿಯ ಎರಡು ವಯರುಗಳನ್ನು ಅದಲುಬದಲು ಮಾಡಿದರೆ 19ಕ್ಕೆ ಇಳಿಯಿತು. ಕಾಸು ಖರ್ಚಿಲ್ಲದ ಉಪಾಯ. ಆದರೆ ಮನೆಯ ಸಾಕೆಟ್ಟಿನಲ್ಲಿ ಫೇಸೂ ನ್ಯೂಟ್ರಲೂ ಅದರದರ ಜಾಗದಲ್ಲಿವೆಯೇ ಎಂದು ಟೆಸ್ಟರಿನಲ್ಲಿ ಮೊದಲೇ ನೋಡಿಕೊಳ್ಳಬೇಕು. ಹಳೆ ಮನೆಗಳಲ್ಲಿ ಕೆಲವು ಸಾಕೆಟ್ ಉಲ್ಟಾ ಇರಬಹುದು.

ಫೆಬ್ರವರಿ 3: ಹನ್ನೆರಡು ನಿಮಿಷದ ಹಾಡು

ಹನ್ನೆರಡು ನಿಮಿಷಕ್ಕೆ ಡ್ಯಾಕ್ ಆಫ್. ಅರ್ಧ ನಿಮಿಷಕ್ಕೆ ತಾನಾಗಿ ಆನ್. ಮತ್ತೆ ಆಫ್. ಎಲ್‌ಎಂ317 ಕಾದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿತ್ತು.

15 ವೋಲ್ಟಿಗೆ ಏರಿದ್ದಕ್ಕೆ ಕಟ್ಟುವ ಬೆಲೆ ಇದು. ಹಗಲಿನ ವೋಲ್ಟೇಜಿನಲ್ಲಿ ರೆಗ್ಯುಲೇಟರಿನ ಮುಂದೆ 20.5 ವೋಲ್ಟ್, ಹಿಂದೆ 12. ಉಳಿದ 8.5 ವೋಲ್ಟ್, 0.64 ಆಂಪಿಯರಿನಲ್ಲಿ 5.4 ವ್ಯಾಟ್ ಬಿಸಿ. ರಾತ್ರಿ 248ಕ್ಕೆ ಏರಿದಾಗ ಹತ್ತಿರಹತ್ತಿರ ಏಳು ವ್ಯಾಟ್. ಹಾಕಿದ್ದು 15 ರೂಪಾಯಿಯ, ಹೆಬ್ಬೆರಳಿನಷ್ಟು ದೊಡ್ಡ ಕ್ಲಿಪ್ ಹೀಟ್ ಸಿಂಕ್. ಅದು ಪ್ರತಿ ವ್ಯಾಟಿಗೆ ಸುಮಾರು 20 ಡಿಗ್ರಿ ಏರುವಂಥದ್ದು. ಐದು ವ್ಯಾಟಿಗೆ ನೂರು ಡಿಗ್ರಿ, ಮೇಲೆ ಕೋಣೆಯ ಸೆಕೆ. ಆಫ್ ಆಗದೆ ಇನ್ನೇನು?

ಬದಲಿಗೆ 75 × 50 ಮಿ.ಮೀ., 25 ಮಿ.ಮೀ. ಎತ್ತರದ ರೆಕ್ಕೆಗಳಿರುವ ಅಲ್ಯೂಮಿನಿಯಂ ತುಂಡು, 90 ರೂಪಾಯಿ. ರೆಕ್ಕೆಗಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಪೆಟ್ಟಿಗೆಯ ಹೊರಗೆ, ಹಿಂಬದಿಗೆ ಬಿಗಿದದ್ದು. ಒಂದು ಗಂಟೆ ಓಡಿದ ಮೇಲೆ ಮೀಟರಿನ ಥರ್ಮೋಕಪಲ್ ಒತ್ತಿ ಹಿಡಿದರೆ 63 ಡಿಗ್ರಿ. ಮೂರು ಎಣಿಸುವ ತನಕ ಬೆರಳು ತಡೆಯುತ್ತದೆ, ನಾಲ್ಕಕ್ಕೆ ತೆಗೆಯಬೇಕು. ಅಷ್ಟಿದ್ದರೆ ಸಾಕು.

ಮೊದಲೇ ಹೇಳಿದ ಬೆನ್ನಿನ ತಟ್ಟೆಯ ಕತೆ ಇಲ್ಲಿ ಬರುತ್ತದೆ. ತಟ್ಟೆ ಔಟ್‌ಪುಟ್ ಆದ್ದರಿಂದ ಹೀಟ್ ಸಿಂಕಿಗೂ ಅದಕ್ಕೂ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್, ಎರಡೂ ಬದಿಗೆ ತೆಳ್ಳಗೆ ಬಿಳಿ ಪೇಸ್ಟ್. ಎಲ್ಲ ಹಾಕಿ ಬಿಗಿದು ಮೀಟರ್ ಇಟ್ಟರೂ "ಪೀಂ" ಎಂದಿತು, ಶಾರ್ಟ್! ಬಿಚ್ಚಿ ಮೈಕಾವನ್ನು ಬೆಳಕಿಗೆ ಹಿಡಿದರೆ ತೂತಿನ ಪಕ್ಕ ಸೂಜಿ ಮೊನೆಯಷ್ಟು ಚುಕ್ಕೆ. 3 ಮಿ.ಮೀ. ತೂತು ಕೊರೆದಾಗ ಅಂಚಿನಲ್ಲಿ ಎದ್ದ ಅಲ್ಯೂಮಿನಿಯಂ ಮುಳ್ಳು ಮೈಕಾವನ್ನು ಚುಚ್ಚಿ ಆಚೆ ಬಂದಿತ್ತು. ಕೊರೆದ ಮೇಲೆ ದೊಡ್ಡ ಬಿಟ್ಟನ್ನು ಕೈಯಲ್ಲೇ ಹಿಡಿದು ತೂತಿನ ಬಾಯಿಗೆ ಎರಡು ಸುತ್ತು ತಿರುಗಿಸಿದರೆ ಮುಳ್ಳು ಹೋಗುತ್ತದೆ. ಬೆರಳಿನಿಂದ ಸವರಿ ನುಣುಪಾದ ಮೇಲೆ ಹೊಸ ಮೈಕಾ. ಈ "ಪೀಂ" ಪರೀಕ್ಷೆ ಕರೆಂಟು ಕೊಡುವ ಮುಂಚೆ ಮಾಡುವುದು, ಆಮೇಲೆ ಅಲ್ಲ.

ಫೆಬ್ರವರಿ 9: ಮುಚ್ಚಳ ಹಾಕಿದರೆ ಫ್ಯೂಸ್ ಹೋಗುತ್ತದೆ

ಇಡೀ ಕೆಲಸದಲ್ಲಿ ಹೆಚ್ಚು ತಲೆ ತಿಂದದ್ದು ಇದು. ಪೆಟ್ಟಿಗೆ ಅಲ್ಯೂಮಿನಿಯಂನದು, 520 ರೂಪಾಯಿ, ಒಳಗಿನ ಎತ್ತರ 50 ಮಿ.ಮೀ. ಟೊರಾಯಿಡಿನ ನಡುವೆ ಬೋಲ್ಟ್ ತೂರಿಸಿ ತಳಕ್ಕೆ ಬಿಗಿದು, ಫ್ಯೂಸ್ ಮತ್ತು ಸ್ವಿಚ್ ಒಟ್ಟಿಗಿರುವ ಮೂರು ಪಿನ್ನಿನ ಸಾಕೆಟ್ ಕೂರಿಸಿದ್ದು.

ಮೊದಲ ಫ್ಯೂಸ್ 250 ಮಿಲಿಆಂಪಿಯರಿನ ಸಾದಾ ಗಾಜಿನದು. ಮೂರನೇ ಸಲ ಸ್ವಿಚ್ ಹಾಕಿದಾಗ ಹೋಯಿತು. ಟೊರಾಯಿಡ್ ಸ್ವಿಚ್ ಹಾಕಿದ ಕ್ಷಣ ಒಮ್ಮೆ ಜೋರಾಗಿ ಎಳೆಯುತ್ತದೆ, ಅದು ಸಹಜ. 500 ಮಿಲಿಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಹಾಕಿದೆ. ಮುಚ್ಚಳ ತೆರೆದಿಟ್ಟು ಇಪ್ಪತ್ತು ಸಲ ಆನ್ ಆಫ್ ಮಾಡಿದರೂ ಏನೂ ಆಗಲಿಲ್ಲ.

ಮುಚ್ಚಳ ಹಾಕಿ ಒಂದು ದಿನ ಸರಿಯಾಗಿ ಓಡಿತು. ಮರುದಿನ ಮುಚ್ಚಳದ ಸ್ಕ್ರೂ ಇನ್ನಷ್ಟು ಬಿಗಿದು ಸ್ವಿಚ್ ಹಾಕಿದರೆ ಫ್ಯೂಸ್ ಢಬ್. ಬಿಚ್ಚಿದರೆ ಸರಿ. ಹಾಕಿದರೆ ಇನ್ನೊಂದು ಫ್ಯೂಸ್.

ಮೂರನೇ ಫ್ಯೂಸ್ ಬಲಿಕೊಡುವ ಬದಲು ರಿಪೇರಿ ಅಂಗಡಿಗಳ ಹಳೆಯ ಸೀರೀಸ್ ಬಲ್ಬ್ ಬೋರ್ಡು ತಂದೆ. ಫೇಸಿನ ದಾರಿಯಲ್ಲಿ 60 ವ್ಯಾಟಿನ ತಂತಿ ಬಲ್ಬು, ಎಲ್‌ಇಡಿ ನಡೆಯುವುದಿಲ್ಲ. ಮುಚ್ಚಳ ತೆರೆದಿದ್ದಾಗ ಬಲ್ಬ್ ಒಮ್ಮೆ ಮಿನುಗಿ ಆರುತ್ತದೆ. ಸ್ವಿಚ್ ಹಾಕಿಯೇ ಇಟ್ಟು ಮುಚ್ಚಳವನ್ನು ಮರದ ತುಂಡಿನಿಂದ ಮೇಲಿಂದ ಒತ್ತಿದರೆ ಬಲ್ಬ್ ನಿಧಾನಕ್ಕೆ ಕೆಂಪಾಗಿ, ಪೂರ್ತಿ ಒತ್ತಿದಾಗ ಹಳದಿಯಾಗಿ ಉರಿಯಿತು. ಕೈ ತೆಗೆದರೆ ಆರಿತು.

ಬೋಲ್ಟ್ 55 ಮಿ.ಮೀ. ಉದ್ದದ್ದು. ತಳದ ತಗಡು, ಕೆಳಗಿನ ವಾಷರು, ತಲೆ ಎಲ್ಲ ಕಳೆದು ಅದರ ತುದಿ ಮುಚ್ಚಳದ ಒಳಮೈಗೆ ತಾಗುತ್ತಿತ್ತು. ಮೊದಲ ದಿನ ಮುಚ್ಚಳದ ಕಪ್ಪು ಬಣ್ಣ ತಡೆದಿತ್ತು. ಬಿಗಿದಾಗ ಕಡಲೆಬೇಳೆಯಷ್ಟು ಜಾಗದಲ್ಲಿ ಬಣ್ಣ ಕಿತ್ತು ಬಿಳಿ ಲೋಹ ಕಾಣುತ್ತಿತ್ತು. ತಳ, ಬೋಲ್ಟ್, ಮುಚ್ಚಳ, ಪಕ್ಕದ ಗೋಡೆ ಸೇರಿ ಟೊರಾಯಿಡಿನ ಸುತ್ತ ಪೂರ್ತಿಯಾದ ಒಂದು ಸುತ್ತು ಆಯಿತು. ಅಂದರೆ ಟ್ರಾನ್ಸ್‌ಫಾರ್ಮರಿಗೆ ಇನ್ನೊಂದು ಸೆಕೆಂಡರಿ, ಒಂದೇ ಸುತ್ತಿನದು, ಅದೂ ಶಾರ್ಟ್ ಆದದ್ದು. ಅದರಲ್ಲಿ ಕಾಲು ವೋಲ್ಟೂ ಹುಟ್ಟುವುದಿಲ್ಲ, ಆದರೆ ತಡೆಯೂ ಇಲ್ಲವಾದ್ದರಿಂದ ಕರೆಂಟಿಗೆ ಮಿತಿಯಿಲ್ಲ.

ಪರಿಹಾರ: ಬೋಲ್ಟನ್ನು ಹ್ಯಾಕ್ಸಾದಲ್ಲಿ 45 ಮಿ.ಮೀ.ಗೆ ಕೊಯ್ದದ್ದು, ಮುಚ್ಚಳದ ಒಳಗೆ ಅಷ್ಟು ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದು. ಟೊರಾಯಿಡಿನ ಬೋಲ್ಟ್ ಒಂದೇ ಕಡೆ ಲೋಹಕ್ಕೆ ತಾಗಬೇಕು. ಎರಡೂ ಕಡೆ ಎಂದೂ ಬೇಡ.

ಮೇನ್ಸ್ ಬದಿಯಲ್ಲಿ ಉಳಿದದ್ದು ಬೇಗ ಹೇಳಬಹುದು. ಫೇಸಿನಲ್ಲಿ ಮೊದಲು ಫ್ಯೂಸ್, ಆಮೇಲೆ ಸ್ವಿಚ್. ಅವೆರಡರ ನಂತರ ಫೇಸ್ ನ್ಯೂಟ್ರಲ್ ನಡುವೆ 14ಡಿ471 ಎಂಒವಿ (ವೋಲ್ಟೇಜ್ ಹಠಾತ್ ಏರಿದರೆ ಅದನ್ನು ಹೀರಿಕೊಳ್ಳುವ ಭಾಗ; ಇದು 300 ವೋಲ್ಟ್ ಎಸಿಯದು, 275ರದ್ದು ನಮ್ಮ ರಾತ್ರಿಯ ವೋಲ್ಟೇಜಿಗೆ ಅಂಚಿನಲ್ಲಿರುತ್ತದೆ). ಎಲ್ಲ ಬೆಸುಗೆಗೂ ಹೀಟ್ ಶ್ರಿಂಕ್. ಎಂಒವಿ ಇದೆಯೆಂದು ಏಪ್ರಿಲ್ ಮೇ ತಿಂಗಳ ಗುಡುಗಿಗೆ ಪ್ಲಗ್ ಹಾಕಿಯೇ ಇಟ್ಟರೆ ಅದು ಉಳಿಸುವುದಿಲ್ಲ. ನಮ್ಮ ಗುಡ್ಡಗಳ ಸಿಡಿಲಿಗೆ ಮದ್ದು ಒಂದೇ, ಪ್ಲಗ್ ಕೀಳುವುದು.

ಪೆಟ್ಟಿಗೆಗೆ ಅರ್ತ್ ಕಡ್ಡಾಯ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಬೇರೆ ಯಾವ ಕೆಲಸಕ್ಕೂ ಬಳಸದ ಒಂದು ಸ್ಕ್ರೂಗೆ ಬಿಗಿದದ್ದು. ಪ್ಲಗ್ಗಿನ ದಪ್ಪ ಪಿನ್ನಿನಿಂದ ಪೆಟ್ಟಿಗೆಗೆ ಅಳೆದರೆ ಅರ್ಧ ಓಮಿಗಿಂತ ಕಡಿಮೆ ಬರಬೇಕು. 12 ವೋಲ್ಟಿನ ಮೈನಸ್ಸನ್ನು ಪೆಟ್ಟಿಗೆಗೆ ಸೇರಿಸಲಿಲ್ಲ. ಆಂಪ್ಲಿಫಯರ್ ಆಗಲೇ ಅರ್ತ್ ಆಗಿದೆ, ಎರಡನೇ ಕಡೆ ಸೇರಿಸಿದರೆ ಲೂಪ್.

ಆದರೆ ಅರ್ತ್ ಅಂದರೆ ಹಿತ್ತಿಲಿನ ಗುಂಡಿ ತಾನೆ. ನ್ಯೂಟ್ರಲಿಗೂ ಅರ್ತಿಗೂ ನಡುವೆ ಅಳೆದಾಗ 18 ವೋಲ್ಟ್ ಬಂತು. ಮುರಕಲ್ಲಿನ ನೆಲ ಫೆಬ್ರವರಿಗಾಗುವಾಗ ಒಣಗಿ ಗಟ್ಟಿಯಾಗುತ್ತದೆ. ಫ್ರಿಜ್ಜಿನ ಸೋರಿಕೆ ಇಳಿದು ಹೋಗಲು ದಾರಿಯಿಲ್ಲದೆ ಅರ್ತ್ ವಯರಿನಲ್ಲೇ ನಿಲ್ಲುತ್ತದೆ. ಗುಂಡಿಗೆ ನಾಲ್ಕು ಕೊಡಪಾನ ನೀರು ಹೊಯ್ದು ಒಂದು ರಾತ್ರಿ ಬಿಟ್ಟು ಅಳೆದರೆ 4 ವೋಲ್ಟ್. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ.

ಫೆಬ್ರವರಿ 16: ಎರಡು ಕೆಪಾಸಿಟರಿನ ನಡುವೆ ಒಂದು ರೆಸಿಸ್ಟರ್

ಎರಡು 4,700 ಒಟ್ಟಿಗೆ ಪ್ಯಾರಲಲ್ ಇದ್ದವು. ಅವುಗಳ ನಡುವೆ ಸಣ್ಣದೊಂದು ರೆಸಿಸ್ಟರ್ ಹಾಕಿದರೆ ರೆಗ್ಯುಲೇಟರಿಗೆ ಹೋಗುವ ರಿಪ್ಪಲ್ ಕಡಿಮೆಯಾಗುತ್ತದೆ, ಬಿಸಿಯ ಒಂದು ಪಾಲು ಅದರ ಪಾಲಾಗುತ್ತದೆ. 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್, ಎಂಟು ರೂಪಾಯಿ.

2.2 ಓಮ್ ಹಾಕಿದೆ. ರಿಪ್ಪಲ್ 0.7 ವೋಲ್ಟಿನಿಂದ 0.2ಕ್ಕೆ ಇಳಿಯಿತು. ಆದರೆ ಅದರಲ್ಲೇ 1.4 ವೋಲ್ಟ್ ಬೀಳುತ್ತದಲ್ಲ, ಅದು ಎಲ್ಲಿಂದ ಹೋಯಿತು ಎಂದರೆ ಸಂಜೆಗೆಂದು ಕಾಪಿಟ್ಟ ಗಂಟಿನಿಂದ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಡಿಮ್ಮರ್‌ಸ್ಟಾಟ್ ಎರವಲು ತಂದು ಮೇನ್ಸನ್ನು ಮೆಲ್ಲಗೆ ಇಳಿಸುತ್ತ ಹೆಡ್‌ಫೋನಿನಲ್ಲಿ ಕೇಳಿದರೆ, 178ರಲ್ಲೇ "ಗುಂಯ್" ಶುರು. ಮೊದಲು 165 ತನಕ ಇಳಿಯುತ್ತಿತ್ತು. ಗುರಿ 175, ಹಾಗಾಗಿ ನಡೆಯದು.

1 ಓಮ್ ಹಾಕಿದಾಗ 172 ತನಕ ಮೌನ, ರಿಪ್ಪಲ್ ಅರ್ಧ ವೋಲ್ಟಿಗಿಂತ ಕಡಿಮೆ, ಹೀಟ್ ಸಿಂಕ್ 63ರಿಂದ 60 ಡಿಗ್ರಿಗೆ. ಅದನ್ನೇ ಉಳಿಸಿಕೊಂಡೆ. ಸಂಜೆಯೂ 210ರ ಕೆಳಗೆ ಇಳಿಯದ ಕಾಸರಗೋಡು ಪೇಟೆ, ಮಂಗಳೂರಿನಂಥ ಕಡೆ 2.2 ಓಮೇ ಒಳ್ಳೆಯದು. ಮಾರ್ಚಿನಲ್ಲಿ ಇಲ್ಲಿ ದಾಖಲಾದ ಅತಿ ಕಡಿಮೆ 176.

ಡಯೋಡುಗಳ ಮೇಲೆ ತಲಾ 10 ನ್ಯಾನೋಫ್ಯಾರಡ್ ಸಿರಾಮಿಕ್ ಹಾಕುವ ಪದ್ಧತಿಯಿದೆ. ಹಾಕಿ ನೋಡಿದೆ. ಕಿವಿಗೆ ಏನೂ ಗೊತ್ತಾಗಲಿಲ್ಲ. ಆದರೆ ಮೀಡಿಯಂ ವೇವ್‌ಗೆ ಇಟ್ಟ ಸಣ್ಣ ರೇಡಿಯೋವನ್ನು ಪೆಟ್ಟಿಗೆಯ ಹತ್ತಿರ ತಂದರೆ ಮೊದಲಿದ್ದ ಗರಗರ ನಿಂತಿತ್ತು. ಹಾಗಾಗಿ ಇರಲಿ. ಆ ರೇಡಿಯೋ ಒಳ್ಳೆಯ ಮೀಟರ್ ಕೂಡ ಹೌದು. ಹಳೆಯ ಅಡಾಪ್ಟರಿನ ಪಕ್ಕ ಇಟ್ಟರೆ ಒಂದು ಅಡಿ ದೂರದಿಂದಲೇ ಸ್ಟೇಷನ್ನು ಮುಚ್ಚಿಹೋಗುತ್ತದೆ. ಸಾದಾ ಮಲ್ಟಿಮೀಟರ್ ಅಷ್ಟು ಎತ್ತರದ ಫ್ರೀಕ್ವೆನ್ಸಿಯನ್ನು ಕಾಣುವುದೇ ಇಲ್ಲ. ಅದರ ಎಸಿ ಮಿಲಿವೋಲ್ಟ್ ಅಂಕಿ ನೋಡಿ ಯಾವ ಸಪ್ಲೈ ಶುದ್ಧ ಎಂದು ತೀರ್ಮಾನಿಸಬಾರದು.

ಕೇಳಿದಾಗ ಏನು ಬದಲಾಯಿತು

"ಕೀಂ" ಇಲ್ಲ. ಜುಮು ಜುಮು ಇಲ್ಲ. ಅಷ್ಟೇ. ಭಾಗವತರ ಕಂಠ ಇನ್ನಷ್ಟು ಬೆಚ್ಚಗಾಯಿತು, ಮದ್ದಳೆಗೆ ಹೊಸ ನಾದ ಬಂತು ಎಂದೆಲ್ಲ ಬರೆಯಲು ಮನಸ್ಸಿಲ್ಲ. ಪದ್ಯ ಮುಗಿದು ಮಾತು ಶುರುವಾಗುವ ಮುಂಚಿನ ಎರಡು ಕ್ಷಣ ನಿಜಕ್ಕೂ ಖಾಲಿಯಾಗಿವೆ, ಗೊತ್ತಾಗುವ ವ್ಯತ್ಯಾಸ ಅದು. ಮೂಲ ಅಡಾಪ್ಟರಿನಲ್ಲೇ ಸದ್ದಿಲ್ಲದ ಡ್ಯಾಕ್ ನಿಮ್ಮದಾದರೆ ಇಷ್ಟು ಮಾಡಿಯೂ ವ್ಯತ್ಯಾಸ ಕೇಳಿಸಲಿಕ್ಕಿಲ್ಲ.

ಪರೀಕ್ಷೆಗೆ ಹಳೆ ಕ್ಯಾಸೆಟಿನಿಂದ ಕಂಪ್ಯೂಟರಿಗೆ ಏರಿಸಿದ ತಾಳಮದ್ದಳೆ ಬೇಡ. ಆ ಕಾಲದ ಮೈಕ್ ಸೆಟ್ಟಿನ "ಗುಂಯ್" ಧ್ವನಿಮುದ್ರಣದಲ್ಲೇ ಇರುತ್ತದೆ. ಅದನ್ನು ಕೇಳುತ್ತ ನಮ್ಮ ಸಪ್ಲೈಯ ತಪ್ಪು ಹುಡುಕಿದರೆ ಬೆಳಗಾಗುತ್ತದೆ. ಏನನ್ನೂ ಹಾಕದೆ, ವಾಲ್ಯೂಮ್ ಏರಿಸಿ, ಸಂಜೆ ಏಳಕ್ಕೆ ಕೇಳಬೇಕು.

ಖರ್ಚು

ಟೊರಾಯಿಡ್ ಮತ್ತು ಕೊರಿಯರ್ 900, ಪೆಟ್ಟಿಗೆ 520, ಸಾಕೆಟ್ 110, ಹೀಟ್ ಸಿಂಕ್ 90, ದೊಡ್ಡ ಕೆಪಾಸಿಟರ್ ಎರಡು 90, ವಯರು ಮತ್ತು ಪಿನ್ನು 80, ಫ್ಯೂಸ್ ಮತ್ತು ಎಂಒವಿ 60, ರೆಸಿಸ್ಟರ್ ಹಾಗೂ ಚಿಲ್ಲರೆ 60, ಎಲ್‌ಎಂ317 ಎರಡು 50, ಮೈಕಾ ಪೇಸ್ಟ್ 40, ತೂತಿನ ಬೋರ್ಡು 40, ಡಯೋಡ್ 20. ಒಟ್ಟು 2,060. ದಂಡವಾಗಿ ಹೋದದ್ದು ಇಐ ಟ್ರಾನ್ಸ್‌ಫಾರ್ಮರ್ 240, ಸಣ್ಣ ಹೀಟ್ ಸಿಂಕ್ 15. ಎಲ್ಲ ಸೇರಿ 2,315 ರೂಪಾಯಿ. ಪಿನ್ನು ಕೊಳ್ಳುವಾಗ 2.1 ಮತ್ತು 2.5 ಮಿ.ಮೀ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. 2.5ರದ್ದು 2.1ರ ಸಾಕೆಟ್ಟಿಗೆ ಸಲೀಸಾಗಿ ಹೋಗಿ ಸಡಿಲವಾಗಿ ಅಲ್ಲಾಡುತ್ತದೆ, ಡ್ಯಾಕ್ ಆಗಾಗ ಆಫ್ ಆಗುತ್ತದೆ.

ಜೂನ್ 22: ಮಳೆ ಹಿಡಿದ ಮೇಲೆ

ಔಟ್‌ಪುಟ್ 12.6 ವೋಲ್ಟ್. ಪೆಟ್ಟಿಗೆಗೆ ಬೆರಳಿನಿಂದ ತಟ್ಟಿದರೆ 12.1, ಮತ್ತೆ ತಟ್ಟಿದರೆ 12.9. ಪ್ರೀಸೆಟ್ಟಿನೊಳಗೆ ತೇವ ಸೇರಿ ಅದರ ಜಾರುಕಾಲು ಸರಿಯಾಗಿ ತಾಗುತ್ತಿರಲಿಲ್ಲ. ಜಾರುಕಾಲು ಪೂರ್ತಿ ಬಿಟ್ಟರೆ 500 ಓಮೂ ಲೆಕ್ಕಕ್ಕೆ ಬಂದು ಔಟ್‌ಪುಟ್ 15 ವೋಲ್ಟಿಗೆ ಏರುತ್ತದೆ. ಜಾರುಕಾಲನ್ನು ಪಕ್ಕದ ಕಾಲಿಗೆ ಸೇರಿಸಿ ಬೆಸೆದಿದ್ದರಿಂದ ಅಲ್ಲಿಗೇ ನಿಲ್ಲುತ್ತಿತ್ತು. ಸೇರಿಸದಿದ್ದರೆ ರೆಗ್ಯುಲೇಟರಿನ ಮುಂದಿರುವ ಇಪ್ಪತ್ತು ವೋಲ್ಟಿನ ಹತ್ತಿರಹತ್ತಿರ ಡ್ಯಾಕಿಗೇ ಬಡಿಯುತ್ತಿತ್ತು.

ಪ್ರೀಸೆಟ್ಟೂ 820 ಓಮೂ ಕಿತ್ತು, 1 ಕಿಲೋಓಮ್ ಮತ್ತು 27 ಓಮ್ ಸೀರೀಸ್, ಎರಡೂ ಒಂದು ಶೇಕಡಾದ ಮೆಟಲ್ ಫಿಲ್ಮ್. ಬಂದದ್ದು 11.98 ವೋಲ್ಟ್. ಆ 0.02 ವೋಲ್ಟಿಗಾಗಿ ತಿರುಗಿಸುವ ಭಾಗವೊಂದನ್ನು ಈ ಊರಿನ ಮಳೆಗೆ ಒಡ್ಡಿದ್ದೇ ತಪ್ಪು.

ಬೋರ್ಡಿನ ಹಿಂಬದಿಯಲ್ಲಿ ಒರೆಸದೆ ಬಿಟ್ಟಿದ್ದ ಫ್ಲಕ್ಸಿನ ಸುತ್ತ ಹಸಿರು ಕಿಲುಬು. ಐಸೊಪ್ರೊಪೈಲ್ ಹಚ್ಚಿ ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ, ಒಣಗಿದ ಮೇಲೆ ಎರಡು ಕೈ ವಾರ್ನಿಶ್ ಬಳಿದಾಯಿತು. ಗಾಳಿಯ ತೂತುಗಳ ಪಕ್ಕ, ಟೊರಾಯಿಡಿನ ಬೆಚ್ಚಗಿನ ಬದಿಯಲ್ಲಿ, ಹಲ್ಲಿಯ ಎರಡು ಮೊಟ್ಟೆ. ತೂತುಗಳಿಗೆ ಒಳಗಿನಿಂದ ಸೊಳ್ಳೆ ಬಲೆಯ ಅಲ್ಯೂಮಿನಿಯಂ ಜಾಲರಿ, ಅಂಚು ಯಾವ ವಯರಿಗೂ ತಾಗದಂತೆ ಮಡಚಿ ಅಂಟಿಸಿದ್ದು.

ಜುಲೈ 20ಕ್ಕೆ ಮತ್ತೆ ಅಳೆದದ್ದು: ಮೇನ್ಸ್ 236, ಔಟ್‌ಪುಟ್ 11.98, ತಟ್ಟಿದರೂ 11.98. ಮಳೆಗಾಲದಲ್ಲಿ ಪಂಪುಗಳಿಗೆ ರಜೆ. ಮುಂದಿನ ಅಳತೆ ಜನವರಿಯಲ್ಲಿ, ಸಂಜೆ ಏಳಕ್ಕೆ.